ಬಯೋಗ್ಯಾಸ್ ಬರ್ತಾ ಇಲ್ವಾ? ಗುಂಡಿ ಮುಚ್ಚಳ ತೆಗೆಯೋ ಮುಂಚೆ ಇದನ್ನ ನೋಡಿ

ಪ್ಲಾಂಟ್ ಕೈ ಕೊಟ್ಟಾಗ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು, "ಗ್ಯಾಸ್ ಬರ್ತಾ ಇಲ್ಲ". ಆದ್ರೆ ಈ ಒಂದು ಮಾತಿನ ಹಿಂದೆ ಮೂರು ಬೇರೆ ಬೇರೆ ತೊಂದ್ರೆ ಇರ್ಬಹುದು. ಗುಂಡಿಯೊಳಗೆ ಗ್ಯಾಸ್ ಹುಟ್ತಾನೇ ಇಲ್ದೆ ಇರ್ಬಹುದು. ಹುಟ್ಟಿದ ಗ್ಯಾಸು ದಾರೀಲಿ ಸೋರಿ ಹೋಗ್ತಿರ್ಬಹುದು, ಇಲ್ಲಾ ಪೈಪಲ್ಲಿ ಎಲ್ಲೋ ತಡೆ ಬಿದ್ದಿರ್ಬಹುದು. ಅಥವಾ ಒಲೆ ತನಕ ಗ್ಯಾಸ್ ಬಂದ್ರೂ ಅದು ಉರಿಯೋವಂಥ ಗ್ಯಾಸೇ ಅಲ್ದೆ ಇರ್ಬಹುದು. ಮೂರಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಹಾಕಿದ್ರೆ ಇದ್ದಿದ್ದೂ ಹಾಳಾಗತ್ತೆ. ಪೈಪಲ್ಲಿ ಒಂದು ಲೋಟ ನೀರು ನಿಂತಿರೋ ಕಾರಣಕ್ಕೆ ಒಲೆ ಆರಿದ್ರೆ ಜನ ಗುಂಡಿಗೆ ಸುಣ್ಣ ಸುರಿದು, ಮಾರನೇ ದಿನ ಎರಡರಷ್ಟು ಸಗಣಿ ತುಂಬಿ, ಅದೂ ಆಗ್ಲಿಲ್ಲ ಅಂದ್ರೆ ಯಾವುದೋ ಪೌಡರ್ ತಂದು ಹಾಕಿ, ಕೊನೆಗೆ ಚೆನ್ನಾಗಿದ್ದ ಗುಂಡಿನೇ ಕೆಡಿಸ್ಕೋತಾರೆ. ಹಾಗಾಗಿ ಏನನ್ನೂ ಹಾಕೋ ಮುಂಚೆ ತೊಂದ್ರೆ ಎಲ್ಲಿದೆ ಅಂತ ಗೊತ್ತು ಮಾಡ್ಕೊಳ್ಳಿ.

ಅದಕ್ಕೂ ಮುಂಚೆ ಸೇಫ್ಟಿ ವಿಷ್ಯ, ಇದನ್ನ ಸ್ಕಿಪ್ ಮಾಡ್ಬೇಡಿ. ಡೈಜೆಸ್ಟರ್ (ಸಗಣಿ ಕೊಳೆಯೋ ಗುಂಡಿ) ಒಳಗೆ ಯಾವ ಕಾರಣಕ್ಕೂ ಇಳೀಬೇಡಿ, ಖಾಲಿ ಕಂಡ್ರೂ ಸರಿ, ಮುಚ್ಚಳ ತೆಗೆದು ತುಂಬಾ ಹೊತ್ತಾಗಿದ್ರೂ ಸರಿ. ಒಳಗೆ ಆಕ್ಸಿಜನ್ ಇರಲ್ಲ, ಮೇಲಾಗಿ ಹೈಡ್ರೋಜನ್ ಸಲ್ಫೈಡ್ ಇರತ್ತೆ, ಅದು ಗಾಳಿಗಿಂತ ಭಾರ, ತಳದಲ್ಲೇ ಕೂತಿರತ್ತೆ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗೊತ್ತಾಗತ್ತೆ ಬಿಡಿ ಅಂತ ಅನ್ಕೋಬೇಡಿ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದ್ರೆ ಸ್ವಲ್ಪ ಹೊತ್ತಲ್ಲೇ ಮೂಗು ಸತ್ತು ಹೋಗಿ ವಾಸನೆನೇ ಗೊತ್ತಾಗಲ್ಲ, 700ರಿಂದ 1000ಕ್ಕೆ ಹೋದ್ರೆ ಕೆಲವೇ ಉಸಿರಲ್ಲಿ ಮನುಷ್ಯ ಬಿದ್ದು ಹೋಗ್ತಾನೆ. ಬಿದ್ದವನನ್ನ ಎತ್ತೋಕೆ ಅಂತ ಇಳಿದವರೂ ಅಲ್ಲೇ ಸಾಯ್ತಾರೆ. ಇನ್ನು ಬೆಂಕಿ. ಗಾಳಿಯಲ್ಲಿ ಮೀಥೇನ್ (ಬಯೋಗ್ಯಾಸಲ್ಲಿ ಉರಿಯೋ ಭಾಗ) 5ರಿಂದ 15% ಇದ್ರೆ ಕಿಡಿ ಸಿಕ್ಕ ಕೂಡ್ಲೇ ಸಿಡಿಯತ್ತೆ, ಆದ್ರಿಂದ ಲೀಕ್ ಹುಡುಕೋಕೆ ಬೆಂಕಿಕಡ್ಡಿ ಗೀರೋ ಪದ್ಧತಿ ಇದ್ರೆ ಇವತ್ತೇ ಬಿಟ್ಬಿಡಿ.

ಮೊದ್ಲು ರಾತ್ರಿ ಟೆಸ್ಟ್

ಖರ್ಚಿಲ್ಲದ ಟೆಸ್ಟ್ ಇದು. ಸಂಜೆ ಒಲೆ ಕೆಲ್ಸ ಮುಗಿದ ಮೇಲೆ ಪ್ಲಾಂಟ್ ಮೇಲಿರೋ ಮೇನ್ ವಾಲ್ವ್ ಮುಚ್ಚಿ. ಒಲೆ ಹತ್ರದ ನಾಬ್ ಅಲ್ಲ, ಡೋಮ್ ಅಥವಾ ಡ್ರಮ್ ಮೇಲಿರೋದು. ಫಿಕ್ಸೆಡ್ ಡೋಮ್ (ಅಲ್ಲಾಡದ ಗುಮ್ಮಟ, ಒಳಗೆ ಗ್ಯಾಸ್ ತುಂಬಿದಂಗೆ ರಾಡಿನ ಆಚೆ ತಳ್ಳತ್ತೆ) ಆದ್ರೆ ಔಟ್‌ಲೆಟ್ ತೊಟ್ಟೀಲಿ ಸ್ಲರಿ (ಸಗಣಿ ನೀರಿನ ರಾಡಿ) ಎಷ್ಟು ಮಟ್ಟದಲ್ಲಿದೆ ಅಂತ ಗೋಡೆ ಮೇಲೆ ಒಂದು ಗೆರೆ ಎಳೀರಿ, ತೇಲೋ ಡ್ರಮ್ ಆದ್ರೆ ಡ್ರಮ್ ಎಷ್ಟು ಮೇಲಿದೆ ಅಂತ ಅಳೆದಿಡಿ, ಬಲೂನ್ ಬ್ಯಾಗ್ ಆದ್ರೆ ಎಷ್ಟು ಉಬ್ಬಿದೆ ಅಂತ ಒಂದು ಫೋಟೋ ಹೊಡ್ಕೊಳ್ಳಿ ಸಾಕು. ಬೆಳಿಗ್ಗೆ ಎದ್ದು ಹೊಸ ಸಗಣಿ ಹಾಕೋ ಮುಂಚೆನೇ ಮತ್ತೆ ನೋಡಿ.

ಸ್ಲರಿ ಮಟ್ಟ ಗೆರೆಗಿಂತ ಚೆನ್ನಾಗಿ ಮೇಲೆ ಬಂದಿದೆ ಅಥವಾ ಡ್ರಮ್ ಎದ್ದಿದೆ ಅಂದ್ರೆ ಗುಂಡಿ ಗಟ್ಟಿಯಾಗಿದೆ, ಗ್ಯಾಸ್ ಹುಟ್ತಿದೆ, ತೊಂದ್ರೆ ಇರೋದು ಪೈಪಲ್ಲೋ ಒಲೇಲೋ ಅಥವಾ ಗ್ಯಾಸಿನ ಗುಣದಲ್ಲೋ. ಒಂಚೂರೂ ಏರಿಲ್ಲ ಅಂದ್ರೆ ಗ್ಯಾಸ್ ಹುಟ್ತಿಲ್ಲ ಇಲ್ಲಾ ಡೋಮೇ ಸೋರ್ತಿದೆ. ಇವೆರಡನ್ನ ಬೇರೆ ಮಾಡೋದು ಸ್ವಲ್ಪ ನಾಜೂಕು. ದಿನಾ ಮಟ್ಟ ಒಂದೇ ಎತ್ತರದ ತನಕ ಸರಾಗ ಏರಿ ಅಲ್ಲೇ ನಿಂತ್ಬಿಡತ್ತೆ, ಔಟ್‌ಲೆಟ್ ತುಂಬಿ ಹರಿಯೋ ಮಟ್ಟಕ್ಕೆ ಬರೋದೇ ಇಲ್ಲ ಅಂದ್ರೆ ಅದು ಹೆಚ್ಚಾಗಿ ಲೀಕೇ, ಯಾಕಂದ್ರೆ ಸಣ್ಣ ಬಿರುಕು ಪ್ರೆಶರ್ ಕಮ್ಮಿ ಇದ್ದಾಗ ಹಿಡ್ಕೊಂಡು ಪ್ರೆಶರ್ ಏರಿದಾಗ ಬಿಡತ್ತೆ. ಏರೋದೇ ನಿಧಾನ, ದಿನದಿಂದ ದಿನಕ್ಕೆ ಇನ್ನೂ ನಿಧಾನ ಆಗ್ತಿದೆ ಅಂದ್ರೆ ಹುಟ್ಟೋದ್ರಲ್ಲೇ ತೊಂದ್ರೆ. ಇದಕ್ಕೆಲ್ಲ ಒಂದು ಯು ಆಕಾರದ ಟ್ರಾನ್ಸ್‌ಪರೆಂಟ್ ಟ್ಯೂಬಿಗೆ ನೀರು ಹಾಕಿ ಲೈನಿಗೆ ಸಿಕ್ಕಿಸಿದ್ರೆ ಇನ್ನೂ ಒಳ್ಳೇದು, ಎರಡು ಕಡೆ ನೀರಿನ ಮಟ್ಟದ ವ್ಯತ್ಯಾಸನೇ ಪ್ರೆಶರ್. ತೇಲೋ ಡ್ರಮ್ಮಲ್ಲಿ ಇದು ಸುಮಾರು 8ರಿಂದ 10 ಸೆಂಟಿಮೀಟರ್ ಇರತ್ತೆ, ಹೆಚ್ಚು ಕಮ್ಮಿ ಆಗೋದಿಲ್ಲ, ಡ್ರಮ್ಮಿನ ತೂಕನೇ ಅದನ್ನ ತೀರ್ಮಾನ ಮಾಡೋದು. ಫಿಕ್ಸೆಡ್ ಡೋಮಲ್ಲಿ ಗ್ಯಾಸ್ ಖಾಲಿ ಆದ್ರೆ ಸೊನ್ನೆ, ತುಂಬಿದ್ರೆ ಒಂದು ಮೀಟರ್ ಹತ್ರಕ್ಕೂ ಹೋಗ್ಬಹುದು.

ಒಂದು ವಿಚಿತ್ರ ಕೇಸ್ ಹೇಳ್ಬೇಕು. ಇನ್‌ಲೆಟ್ ಕಡೆ ಅಥವಾ ಔಟ್‌ಲೆಟ್ ಕಡೆ ಗುಳುಗುಳು ಅಂತ ದೊಡ್ಡ ಗುಳ್ಳೆ ಬರ್ತಿದ್ರೆ ಗ್ಯಾಸ್ ಜಾಸ್ತಿ ಆಗಿದೆ ಅಂತ ಖುಷಿ ಪಡೋರಿದಾರೆ. ಒಳಗೆ ಸ್ಲರಿ ಮಟ್ಟ ಕೆಳಗಿಳಿದು ಗ್ಯಾಸು ಪೈಪಿನ ಬಾಯಿಂದನೇ ಆಚೆ ಹೋಗ್ತಿದೆ ಅಂತ ಅದರರ್ಥ. ಒಂದೋ ಗ್ಯಾಸ್ ಬಳಸ್ತಾ ಇಲ್ಲ, ಇಲ್ಲಾ ಸ್ಲರಿ ಕಮ್ಮಿ ಇದೆ, ಇಲ್ಲಾ ಗೋಡೆ ಬಿರುಕಿಂದ ನೀರು ಮಣ್ಣಿಗೆ ಇಂಗ್ತಿದೆ. ಸ್ಲರಿ ತುಂಬಿಸಿದ ಮೇಲೂ ಹಾಕಿದಷ್ಟು ಸ್ಲರಿ ಆಚೆ ಬರದೆ ಇದ್ರೆ ಮೂರನೇದೇ ಸರಿ.

ಗ್ಯಾಸ್ ಇದೆ, ಒಲೆಗೆ ಬರಲ್ಲ

ಇಲ್ಲಿ ಮೊದಲ ಅಪರಾಧಿ ನೀರು, ಬೇರೆದಕ್ಕೆ ಹೋಗೋ ಮುಂಚೆ ಅದನ್ನೇ ನೋಡಿ. ಗುಂಡಿಯಿಂದ ಹೊರಡೋ ಗ್ಯಾಸ್ ಬೆಚ್ಚಗಿರತ್ತೆ, ತೇವದಿಂದ ತುಂಬಿರತ್ತೆ, ಪೈಪಲ್ಲಿ ತಣ್ಣಗಾದ ಕೂಡ್ಲೇ ಆ ತೇವ ನೀರಾಗಿ ಇಳಿದು ಪೈಪು ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ನಿಲ್ಲತ್ತೆ. ಉರಿ ಉಸಿರಾಡ್ದಂಗೆ ಎದ್ದು ಬಿದ್ದು ಮಾಡ್ತಿದ್ರೆ, ಪೈಪಿಗೆ ಕಿವಿ ಕೊಟ್ರೆ ಗೊಳಕ್ ಗೊಳಕ್ ಅಂತ ಕೇಳ್ಸಿದ್ರೆ, ಚಳಿ ದಿನದಲ್ಲಿ ಜಾಸ್ತಿ ಆಗ್ತಿದ್ರೆ ಅದು ನೀರೇ. ಪೈಪ್ ಪೂರ್ತಿ ಒಂದೇ ಕಡೆಗೆ ಇಳಿಜಾರಿರ್ಬೇಕು, ಅತಿ ತಗ್ಗಿನ ಜಾಗದಲ್ಲಿ ನೀರು ತೆಗೆಯೋ ಟ್ರ್ಯಾಪ್ ಇರ್ಬೇಕು, ಅದನ್ನ ವಾರಕ್ಕೊಂದ್ಸಲ ಬಿಡ್ಬೇಕು, ಇಷ್ಟೇ. ಟ್ರ್ಯಾಪೇ ಇಲ್ದೆ ಹೋದ್ರೆ ತಗ್ಗಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಕೆಳಗೆ ಕಾಕ್ (ನಲ್ಲಿ) ಕೂರಿಸಿ. ಯು ಟ್ಯೂಬ್ ಥರದ ಟ್ರ್ಯಾಪ್ ಆದ್ರೆ ಅದರ ನೀರಿನ ಎತ್ತರ ಪ್ಲಾಂಟಿನ ಅತಿ ಹೆಚ್ಚು ಪ್ರೆಶರ್‌ಗಿಂತ ಜಾಸ್ತಿ ಇರ್ಬೇಕು, ಇಲ್ಲಾಂದ್ರೆ ಟ್ರ್ಯಾಪಿಂದನೇ ಗ್ಯಾಸ್ ಹೊಡ್ಕೊಂಡು ಹೋಗತ್ತೆ.

ನೀರಿಲ್ಲ ಅಂತ ಖಾತ್ರಿ ಆದ್ರೆ ಲೀಕ್ ನೋಡಿ. ಲೈನಲ್ಲಿ ಪ್ರೆಶರ್ ತುಂಬಿಸಿ ಮೇನ್ ವಾಲ್ವ್ ಮುಚ್ಚಿ, ಒಲೆ ನಾಬೂ ಮುಚ್ಚಿ, ಮಧ್ಯದಲ್ಲಿರೋ ಯು ಟ್ಯೂಬಿನ ನೀರು ಇಳಿಯತ್ತಾ ಅಂತ ಕಾಯಿರಿ. ಇಳಿದ್ರೆ ಲೈನಲ್ಲೇ ತೂತಿದೆ. ಆಮೇಲೆ ಗಟ್ಟಿ ಸೋಪಿನ ನೀರನ್ನ ಬ್ರಶ್ಶಲ್ಲಿ ಎಲ್ಲ ಜಾಯಿಂಟಿಗೂ ಹಚ್ಕೊಂಡು ಹೋಗಿ, ಗುಳ್ಳೆ ಎಲ್ಲೆದ್ದರೆ ಅಲ್ಲಿ. ಸಾಮಾನ್ಯವಾಗಿ ಸಿಗೋದು ಒಲೆ ಹತ್ರದ ರಬ್ಬರ್ ಹೋಸ್ ಬಿರುಕು, ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಪೈಪು, ಮತ್ತೆ ವಾಲ್ವ್. ಹೈಡ್ರೋಜನ್ ಸಲ್ಫೈಡ್ ತಾಮ್ರ ಹಿತ್ತಾಳೆನ ತಿನ್ನತ್ತೆ, ಹೊರಗಿಂದ ಚೆನ್ನಾಗಿ ಕಾಣೋ ಹಿತ್ತಾಳೆ ವಾಲ್ವ್ ಒಳಗೆ ಕಪ್ಪಾಗಿ ಸವೆದು ಮುಚ್ಚಿದ್ರೂ ಮುಚ್ಚಿರಲ್ಲ. ವಾಲ್ವ್ ಬಿಗಿ ಮಾಡೋದ್ರಲ್ಲಿ ದಿನ ಕಳೀಬೇಡಿ, ಬದಲಾಯಿಸಿ.

ಡೋಮೇ ಲೀಕ್ ಅಂತ ಅನುಮಾನ ಇದ್ರೆ ಗ್ಯಾಸ್ ಪೈಪ್ ಹೊರಬರೋ ಜಾಗ ಮೊದ್ಲು ನೋಡಿ, ಸಿಮೆಂಟೂ ಕಬ್ಬಿಣಾನೂ ಸೇರೋ ಕಡೆ ಬಿರುಕು ಬೇಗ ಬರತ್ತೆ. ಅಲ್ಲಿ ಮಣ್ಣು ಸರಿಸಿ ಸೋಪ್ ನೀರು ಹಾಕಿ ಗುಳ್ಳೆ ನೋಡಿ. ಒಳಗಿನ ಪ್ಲಾಸ್ಟರ್ ಬಿರುಕಾದ್ರೆ ಗುಂಡಿ ಖಾಲಿ ಮಾಡ್ದೆ ರಿಪೇರಿ ಇಲ್ಲ, ಹೊರಗಿಂದ ಸಿಮೆಂಟ್ ಮೆತ್ತಿದ್ರೆ ಒಳಗಿನ ಪ್ರೆಶರ್ ಅದನ್ನ ಎಬ್ಬಿಸಿಬಿಡತ್ತೆ. ಡ್ರಮ್ ಆದ್ರೆ ತುಕ್ಕು ಹಿಡಿಯೋದು ಸ್ಲರಿ ಮಟ್ಟ ಮುಟ್ಟೋ ಪಟ್ಟೀಲಿ, ಬ್ಯಾಗ್ ಆದ್ರೆ ಮಡಿಕೆ ಬಿದ್ದಲ್ಲಿ.

ಒಲೆ

ಎಲ್‌ಪಿಜಿ ಒಲೆನ ಹಾಗೇ ಸಿಕ್ಕಿಸಿ ಉರಿ ಸಣ್ಣ ಅಂತ ಬೇಜಾರಾಗೋರು ಜಾಸ್ತಿ. ಒಂದು ಘನ ಮೀಟರ್ ಬಯೋಗ್ಯಾಸಲ್ಲಿ ಸುಮಾರು 20ರಿಂದ 22 ಮೆಗಾಜೂಲ್ ಶಕ್ತಿ ಇರತ್ತೆ, ಅದೇ ಗಾತ್ರದ ಎಲ್‌ಪಿಜಿಲಿ ಅದರ ನಾಲ್ಕು ಪಟ್ಟಿಗೂ ಜಾಸ್ತಿ, ಮೇಲೆ ಎಲ್‌ಪಿಜಿ ಬರೋದು ಹೆಚ್ಚು ಪ್ರೆಶರಲ್ಲಿ. ಅಂದ್ಮೇಲೆ ಎಲ್‌ಪಿಜಿ ಜೆಟ್ಟಿನ (ಒಲೆಗೆ ಗ್ಯಾಸ್ ಬಿಡೋ ಮೂತಿ) ಸೂಜಿ ತೂತಲ್ಲಿ ಬಯೋಗ್ಯಾಸ್ ಎಷ್ಟು ಹೋದೀತು? ಜೆಟ್ ತೂತು ದೊಡ್ಡದಿರ್ಬೇಕು, ಗಾಳಿ ಕಿಂಡಿ ಅಡ್ಜಸ್ಟ್ ಆಗ್ಬೇಕು, ಬರ್ನರ್ ತೂತುಗಳ ಒಟ್ಟು ಜಾಗ ಜಾಸ್ತಿ ಇರ್ಬೇಕು. ಬಯೋಗ್ಯಾಸಿಗೇ ಮಾಡಿದ ಒಲೆ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಡ್ರಿಲ್ ಹಿಡಿದು ಕೂರೋದು ಬೇಡ.

ಒಲೆ ಸರಿ ಇದ್ರೆ ಉರಿನೇ ಎಲ್ಲ ಹೇಳತ್ತೆ. ನೀಲಿ, ಶಬ್ದ ಇಲ್ಲ, ಬರ್ನರಿಗೆ ಅಂಟ್ಕೊಂಡಿದೆ ಅಂದ್ರೆ ಸೂಪರ್. ಹಳದಿ, ಉದ್ದ, ಪಾತ್ರೆ ತಳ ಕಪ್ಪಾಗ್ತಿದೆ ಅಂದ್ರೆ ಗಾಳಿ ಕಮ್ಮಿ, ಕಿಂಡಿ ತೆಗೀರಿ, ಅಲ್ಲಿ ಜೇಡರ ಬಲೆ ಕಟ್ಟಿದ್ರೂ ಹೀಗೇ ಆಗತ್ತೆ. ಉರಿ ಬರ್ನರ್ ಬಿಟ್ಟು ಮೇಲೆ ಹಾರಿ ಆರಿ ಹೋಗ್ತಿದ್ರೆ ಗಾಳಿ ಜಾಸ್ತಿ ಇಲ್ಲಾ ಪ್ರೆಶರ್ ಜಾಸ್ತಿ, ಫಿಕ್ಸೆಡ್ ಡೋಮಲ್ಲಿ ಬೆಳಿಗ್ಗೆ ಮೊದಲ ಒಲೆಗೆ ಹೀಗಾಗೋದು ಮಾಮೂಲಿ, ವಾಲ್ವ್ ಸ್ವಲ್ಪ ತಿರುಗಿಸಿದ್ರೆ ಸರಿಹೋಗತ್ತೆ. ಕಿಂಡಿ ಪೂರ್ತಿ ಮುಚ್ಚಿದ್ರೂ ಹತ್ತಲ್ಲ, ಬೆಂಕಿಕಡ್ಡಿ ಹಿಡಿದಷ್ಟು ಹೊತ್ತು ಮಾತ್ರ ಉರಿದು ತೆಗೆದ ಕೂಡ್ಲೇ ಆರತ್ತೆ ಅಂದ್ರೆ ಒಲೆ ಬಿಟ್ಬಿಡಿ, ಮುಂದಿನದನ್ನ ಓದಿ.

ಗ್ಯಾಸ್ ಬರತ್ತೆ, ಉರಿಯಲ್ಲ

ಹೊಸ ಪ್ಲಾಂಟ್ ಆದ್ರೆ ಗಾಬರಿ ಬೇಡ. ಶುರುವಲ್ಲಿ ಬರೋದು ಗಾಳಿ ಮತ್ತೆ ಕಾರ್ಬನ್ ಡೈಆಕ್ಸೈಡ್, ಅದನ್ನ ಹೊರಗೆ ಬಯಲಿಗೆ ಬಿಟ್ಬಿಡಿ, ಮೊದಲ ಗ್ಯಾಸಿಗೆ ಬೆಂಕಿ ಹಚ್ಚೋದು ಅಪಾಯ ಕೂಡ, ಗಾಳಿ ಬೆರೆತಿರತ್ತೆ. ಹಳೇ ಪ್ಲಾಂಟಿನ ಸ್ಲರಿ ಬೆರೆಸಿ ಶುರು ಮಾಡಿದ್ರೆ ಬೇಗ, ಬರೀ ಸಗಣಿ ಆದ್ರೆ ಕೆಲವು ವಾರ ಹಿಡಿಯತ್ತೆ, ಚಳಿ ಇದ್ರೆ ಇನ್ನೂ ಲೇಟು.

ಹಳೇ ಪ್ಲಾಂಟಲ್ಲಿ ಹೀಗಾದ್ರೆ ಮಾತ್ರ ಗುಂಡಿ ಹುಳಿ ಆಗಿದೆ ಅಂತಲೇ ಮೊದಲ ಅನುಮಾನ. ಗುಂಡಿಯೊಳಗೆ ಎರಡು ಪಾಳಿ ಕೆಲಸಗಾರರಿದಾರೆ ಅನ್ಕೊಳ್ಳಿ. ಮೊದಲ ಪಾಳಿ ಬ್ಯಾಕ್ಟೀರಿಯಾ ತಿಂದಿದ್ದನ್ನ ಬೇಗ ಬೇಗ ಆಸಿಡ್ ಮಾಡತ್ತೆ, ಎರಡನೇ ಪಾಳಿ ಆ ಆಸಿಡ್ ತಗೊಂಡು ಮೀಥೇನ್ ಮಾಡತ್ತೆ, ಆದ್ರೆ ಇವರು ನಿಧಾನ, ಸೂಕ್ಷ್ಮ, ಸಂಖ್ಯೆ ದುಪ್ಪಟ್ಟಾಗೋಕೆ ದಿನಗಟ್ಟಲೆ ಬೇಕು. ಒಂದೇ ಸಲ ಬಕೆಟ್‌ಗಟ್ಟಲೆ ಉಳಿದ ಅಡುಗೆ, ಹಿಟ್ಟು, ಕೊಳೆತ ಹಣ್ಣು ಸುರಿದ್ರೆ ಮೊದಲ ಪಾಳಿಗೆ ಹಬ್ಬ, ಎರಡನೇ ಪಾಳಿ ಮೇಲೆ ಆಸಿಡ್ ರಾಶಿ ಬೀಳತ್ತೆ, ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) ಇಳಿದ ಮೇಲೆ ಅವರು ಕೆಲ್ಸಾನೇ ನಿಲ್ಲಿಸ್ತಾರೆ. ಗ್ಯಾಸ್ ಆಗಲೂ ಬರತ್ತೆ, ಡ್ರಮ್ ಆಗಲೂ ಏಳತ್ತೆ, ಆದ್ರೆ ಅದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಇದಕ್ಕೇ ರಾತ್ರಿ ಟೆಸ್ಟ್ ಪಾಸಾದ್ರೂ ಒಲೆ ಹತ್ತಲ್ಲ.

ಚೆಕ್ ಮಾಡೋದು ಸುಲಭ. ಔಟ್‌ಲೆಟ್ ಸ್ಲರಿಗೆ ಪಿಎಚ್ ಪಟ್ಟಿ ಅದ್ದಿ. 6.8ರಿಂದ 7.5 ಇದ್ರೆ ಆರೋಗ್ಯ, 6.5ಕ್ಕಿಂತ ಕೆಳಗಿದ್ರೆ ಹುಳಿ ಹಿಡಿದಿದೆ. ಮೂಗಿಗೂ ಗೊತ್ತಾಗತ್ತೆ, ಚೆನ್ನಾಗಿ ಕೊಳೆತ ಸ್ಲರಿಗೆ ಅಂಥ ವಾಸನೆ ಇರಲ್ಲ, ನೊಣಾನೂ ಕಮ್ಮಿ, ಹುಳಿ ಆದ್ದು ಮೂಗಿಗೆ ಹೊಡೆಯೋ ಕೆಟ್ಟ ಹುಳಿ ವಾಸನೆ. ಮೀಥೇನ್ ಎಷ್ಟಿದೆ ಅಂತ ತಿಳೀಬೇಕು ಅಂದ್ರೆ ದೊಡ್ಡ ಸಿರಿಂಜಲ್ಲಿ 40 ಮಿಲಿ ಗ್ಯಾಸ್ ಎಳೆದು, ಮೇಲೆ 20 ಮಿಲಿ ಕಾಸ್ಟಿಕ್ ಸೋಡಾ ನೀರು ಎಳೆದು, ಬಾಯಿ ಮುಚ್ಚಿ ಅಲ್ಲಾಡಿಸಿ. ಕಾರ್ಬನ್ ಡೈಆಕ್ಸೈಡನ್ನ ಆ ನೀರು ಹೀರ್ಕೊಂಡು ಗ್ಯಾಸ್ ಕುಗ್ಗತ್ತೆ. 24 ಮಿಲಿ ಉಳಿದ್ರೆ ಸುಮಾರು 60% ಮೀಥೇನ್ ಅಂತ, ಗಾಳಿ ಸೇರಿಲ್ಲ ಅಂದ್ರೆ ಮಾತ್ರ. ಅರ್ಧಕ್ಕಿಂತ ಸಾಕಷ್ಟು ಕಮ್ಮಿ ಉಳಿದ್ರೆ ಒಲೆ ಹತ್ತದೇ ಇರೋದ್ರಲ್ಲಿ ಆಶ್ಚರ್ಯ ಇಲ್ಲ. ಕಾಸ್ಟಿಕ್ ಚರ್ಮ ಸುಡತ್ತೆ, ಕಣ್ಣಿಗೆ ಬಿದ್ರೆ ಕಣ್ಣೇ ಹೋಗತ್ತೆ, ಗ್ಲೌಸ್ ಕನ್ನಡಕ ಇಲ್ದೆ ಬೇಡ.

ಮದ್ದು ಏನಂದ್ರೆ ಮೊದಲು ಊಟ ನಿಲ್ಲಿಸೋದು. ಫೀಡಿಂಗ್ ಪೂರ್ತಿ ಬಂದ್, ಬರೋ ಗ್ಯಾಸ್ ಹೊರಗೆ ಬಿಡ್ತಾ ಇರಿ, ಎರಡನೇ ಪಾಳಿಗೆ ಉಸಿರಾಡೋಕೆ ಟೈಮ್ ಕೊಡಿ. ಊಟ ಅಂತ ಅಲ್ಲ, ಮೀಥೇನ್ ಮಾಡೋ ಪಾಳಿ ಸೇರ್ಸೋಕೆ ಮಾತ್ರ ತಾಜಾ ಸಗಣಿ ನೀರು ಅಥವಾ ಚೆನ್ನಾಗಿ ನಡೀತಿರೋ ಪ್ಲಾಂಟಿನ ಸ್ಲರಿ ಸ್ವಲ್ಪ ಸ್ವಲ್ಪ ಕೊಡಬಹುದು. ತೀರಾ ಇಳಿದಿದ್ರೆ ಅಡುಗೆ ಸೋಡಾ ನೀರಲ್ಲಿ ಕರಗಿಸಿ ಸ್ವಲ್ಪ ಹಾಕಿ, ಮಾರನೇ ದಿನ ಪಿಎಚ್ ನೋಡಿ, ಮತ್ತೆ ಸ್ವಲ್ಪ. ಸುಣ್ಣ ಅಗ್ಗ ಅಂತ ಎಲ್ಲರೂ ಅದಕ್ಕೇ ಕೈ ಹಾಕ್ತಾರೆ, ನನಗೆ ಅದು ಇಷ್ಟ ಇಲ್ಲ. ಪಿಎಚ್ ಒಂದೇ ಸಲ ಮೇಲೆ ಹಾರತ್ತೆ, ಮೇಲಾಗಿ ಸುಣ್ಣ ಒಳಗಿನ ಕಾರ್ಬನ್ ಡೈಆಕ್ಸೈಡನ್ನ ಹೀರಿ ಪ್ರೆಶರ್ ದಿಢೀರ್ ಇಳಿಸತ್ತೆ, ಎಲ್ಲ ವಾಲ್ವ್ ಮುಚ್ಚಿರೋ ಪ್ಲಾಂಟಲ್ಲಿ ಒಳಗೆ ವ್ಯಾಕ್ಯೂಮ್ ಆಗಿ ಗಾಳಿ ಎಳ್ಕೋಬಹುದು. ಪಿಎಚ್ ಸರಿ ಆಗಿ ಉರಿ ನೀಲಿಗೆ ಬಂದ ಮೇಲೆ ಮೊದಲಿನ ಅಳತೆಯ ಕಾಲು ಭಾಗದಿಂದ ಫೀಡಿಂಗ್ ಶುರು ಮಾಡಿ, ವಾರ ವಾರ ಏರಿಸಿ.

ಗ್ಯಾಸೇ ಹುಟ್ತಿಲ್ಲ

ಇಲ್ಲಿ ಲೆಕ್ಕ ಮೊದ್ಲು. ಒಂದು ಕೆಜಿ ತಾಜಾ ದನದ ಸಗಣಿ ಸುಮಾರು 40 ಲೀಟರ್ ಗ್ಯಾಸ್ ಕೊಡತ್ತೆ, ಅಂದ್ರೆ ದಿನಕ್ಕೆ ಒಂದು ಘನ ಮೀಟರ್ ಬೇಕು ಅಂದ್ರೆ 25 ಕೆಜಿ ಹಾಕ್ಬೇಕು. 10 ಕೆಜಿ ಹಾಕಿ ಎರಡು ಘನ ಮೀಟರ್ ಪ್ಲಾಂಟ್ ತುಂಬ್ತಿಲ್ಲ ಅಂದ್ರೆ ಅದು ದೋಷವೇ ಅಲ್ಲ.

ಉಲ್ಟಾ ಕೇಸೂ ಇದೆ. ಗುಂಡೀಲಿ ಸ್ಲರಿ 4000 ಲೀಟರ್ ಹಿಡಿಯತ್ತೆ ಅನ್ಕೊಳ್ಳಿ, ದಿನಕ್ಕೆ 50 ಕೆಜಿ ಸಗಣಿ 50 ಲೀಟರ್ ನೀರು ಹಾಕಿದ್ರೆ ಒಳಗೆ ಹೋದದ್ದು 40 ದಿನ ನಿಲ್ಲತ್ತೆ, ಬೆಚ್ಚಗಿನ ಜಾಗಕ್ಕೆ ಇದು ಸರಿ. ಗ್ಯಾಸ್ ಸಾಲ್ತಿಲ್ಲ ಅಂತ ದುಪ್ಪಟ್ಟು ಹಾಕಿದ್ರೆ 20 ದಿನಕ್ಕೇ ಆಚೆ ಬರತ್ತೆ, ಅರೆಬರೆ ಕೊಳೆತ ಸಗಣಿ ಜೊತೆ ಆ ನಿಧಾನದ ಮೀಥೇನ್ ಪಾಳಿನೂ ಕೊಚ್ಕೊಂಡು ಹೋಗತ್ತೆ. ನೀರು ಜಾಸ್ತಿ ಮಾಡೋದೂ ಇದೇ ತಪ್ಪು. ಕೊಟ್ಟಿಗೆ ತೊಳೆದ ನೀರೆಲ್ಲ ಇನ್‌ಲೆಟ್ಟಿಗೇ ಹರೀತಿದ್ರೆ, ಮಳೆ ನೀರು ನುಗ್ತಿದ್ರೆ ಸ್ಲರಿ ತೆಳ್ಳಗಾಗಿ ಒಳಗೆ ಬರೀ ನೀರು ತುಂಬಿರತ್ತೆ. ಸಗಣಿಗೆ ಸಮ ನೀರು, ಘನ ಅಂಶ 8ರಿಂದ 10%, ಅಷ್ಟು ಸಾಕು.

ತೊಳೆದ ನೀರು ಅಂದ ಕೂಡ್ಲೇ ಇನ್ನೊಂದು, ಅದರ ಜೊತೆ ಫಿನಾಯಿಲ್, ಬ್ಲೀಚಿಂಗ್, ಡಿಟರ್ಜೆಂಟ್ ಬಂತಾ ಅಂತ ಕೇಳಿ ನೋಡಿ. ಕೀಟಾಣು ಸಾಯ್ಸೋಕೆ ಮಾಡಿದ ವಸ್ತು ಗುಂಡೀಲಿರೋ ಬ್ಯಾಕ್ಟೀರಿಯಾನ ಬಿಡತ್ತಾ? ಆಂಟಿಬಯೋಟಿಕ್ ಕೊಟ್ಟ ದನದ ಸಗಣಿನೂ ಟ್ರೀಟ್‌ಮೆಂಟ್ ಮುಗಿದು ಕೆಲವು ದಿನ ಆಗೋ ತನಕ ಬೇರೆ ಇಡಿ. ದಿಢೀರ್ ಗ್ಯಾಸ್ ನಿಂತಿದ್ರೆ, ಪಿಎಚ್ ಚೆನ್ನಾಗೇ ಇದ್ರೆ ಈ ಪ್ರಶ್ನೆನೇ ಮೊದ್ಲು ಕೇಳ್ಬೇಕು.

ನಿಧಾನವಾಗಿ ಕಮ್ಮಿ ಆಗ್ತಾ ಬಂದಿದ್ರೆ ಥರ್ಮಾಮೀಟರ್ ಹಿಡೀರಿ. ಸ್ಲರಿ 35 ಡಿಗ್ರಿ ಆಸುಪಾಸಲ್ಲಿದ್ರೆ ಕೆಲ್ಸ ಜೋರು, 20ಕ್ಕಿಳಿದ್ರೆ ಮಂದ, 10ಕ್ಕಿಂತ ಕೆಳಗೆ ನಿಂತೇ ಹೋದಂಗೆ. ಚಳಿಗಾಲದಲ್ಲಿ ಫೀಡಿಂಗ್ ಕಮ್ಮಿ ಮಾಡಿ, ಹೆಚ್ಚು ಮಾಡ್ಬೇಡಿ. ಬೆಚ್ಚಗಿನ ನೀರಲ್ಲಿ ಕಲಸಿ ಮಧ್ಯಾಹ್ನ ಹಾಕಿ, ಡೋಮ್ ಮೇಲೆ ಒಣಹುಲ್ಲು ಹೊದಿಸಿ ಪ್ಲಾಸ್ಟಿಕ್ ಮುಚ್ಚಿ.

ಹುಲ್ಲು, ಸೊಪ್ಪು, ಬೆಳೆ ತ್ಯಾಜ್ಯ ಹಾಕೋರಿಗೆ ಬರೋ ತೊಂದ್ರೆನೇ ಬೇರೆ. ಉದ್ದುದ್ದ ಹುಲ್ಲು ಮೇಲೆ ತೇಲಿ ಚಾಪೆ ಥರ ಹೆಣ್ಕೊಳ್ಳತ್ತೆ, ಕೆಳಗೆ ಹುಟ್ಟಿದ ಗ್ಯಾಸಿಗೆ ಮೇಲೆ ಬರೋಕೆ ದಾರಿ ಇರಲ್ಲ, ಔಟ್‌ಲೆಟ್ಟಲ್ಲಿ ಬರೀ ತೆಳು ನೀರು ಬರತ್ತೆ. ಇನ್‌ಲೆಟ್ಟಿಂದ ಉದ್ದ ಬಿದಿರು ಹಾಕಿ ಅಲ್ಲಾಡಿಸಿದ್ರೆ ಕೆಲವು ಸಲ ಬಿಡತ್ತೆ, ತೇಲೋ ಡ್ರಮ್ ಆದ್ರೆ ಡ್ರಮ್ಮನ್ನ ದಿನಾ ಆ ಕಡೆ ಈ ಕಡೆ ತಿರುಗಿಸಿ. ಮುಂದೆ ಹಾಕೋದನ್ನ ಬೆರಳಗಲಕ್ಕಿಂತ ಸಣ್ಣಗೆ ಕೊಚ್ಚಿ, ಕೆಲವು ದಿನ ಸ್ಲರೀಲಿ ನೆನೆಸಿ ಹಾಕಿ. ಕಾರ್ಬನ್ನು ನೈಟ್ರೋಜನ್ನಿನ 20ರಿಂದ 30 ಪಟ್ಟು ಇರೋದು ಒಳ್ಳೇದು, ದನದ ಸಗಣಿ ಹೆಚ್ಚು ಕಮ್ಮಿ ಅಲ್ಲೇ ಇದೆ, ಒಣಹುಲ್ಲು ಅದಕ್ಕಿಂತ ತುಂಬಾ ಮೇಲೆ, ಕೋಳಿ ಗೊಬ್ಬರ ತುಂಬಾ ಕೆಳಗೆ. ಬರೀ ಕೋಳಿ ಗೊಬ್ಬರ ಹಾಕಿ ಕಣ್ಣುರಿಯೋ ಅಮೋನಿಯಾ ವಾಸನೆ, ಪಿಎಚ್ 8ರ ಮೇಲೆ ಅಂದ್ರೆ ನೀರು ಸೇರಿಸಿ, ಕೊಚ್ಚಿದ ಹುಲ್ಲು ಬೆರೆಸಿ, ಗೊಬ್ಬರ ಕಮ್ಮಿ ಮಾಡಿ. ಗರಗಸದ ಹೊಟ್ಟು, ಕಡ್ಡಿ, ಮರದ ಸಿಪ್ಪೆ ಹಾಕ್ಲೇಬೇಡಿ, ಅದರ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡೋ ಅಂಶ) ಅಲ್ಲಿ ಕೊಳೆಯಲ್ಲ.

ಮರಳು, ಮಣ್ಣು ವರ್ಷಗಟ್ಟಲೆ ತಳ ಸೇರಿ ಗುಂಡಿ ಜಾಗನೇ ತಿಂದಿರತ್ತೆ. ಉದ್ದ ಕೋಲು ಇಳಿಸಿ ತಳ ಎಲ್ಲಿ ಸಿಗತ್ತೆ ಅಂತ ನೋಡಿ, ಕಟ್ಟಿದಾಗಿನ ಆಳಕ್ಕಿಂತ ತುಂಬಾ ಮೇಲೆ ಸಿಕ್ಕಿದ್ರೆ ಖಾಲಿ ಮಾಡಿಸೋ ಕಾಲ ಬಂದಿದೆ. ಗ್ಯಾಸ್ ಪೂರ್ತಿ ಹೊರಬಿಟ್ಟು, ಸುತ್ತ ಬೀಡಿ ಮೊಬೈಲ್ ಬೆಂಕಿ ಏನೂ ಇಲ್ದಂಗೆ ನೋಡ್ಕೊಂಡು, ಹೊರಗೆ ನಿಂತೇ ಸ್ಲರಿ ಪಂಪಲ್ಲಿ ತೆಗೆಸಿ. ತಳದ ಗಟ್ಟಿ ಮಣ್ಣಿಗೆ ಜನ ಇಳೀಲೇಬೇಕು ಅಂತ ಬಂದ್ರೆ ಗ್ಯಾಸ್ ಅಳೆಯೋ ಮೀಟರು, ಗಾಳಿ ಊದೋ ಬ್ಲೋವರ್, ಹಗ್ಗ ಕಟ್ಟಿ ಮೇಲಿಂದ ಎಳೆಯೋ ವ್ಯವಸ್ಥೆ ಇರೋ ತರಬೇತಿ ಆದವರಿಗೇ ಬಿಡಿ. ತೆಗೆದ ಸ್ಲರೀಲಿ ಕೆಲವು ಡ್ರಮ್ಮು ಮುಚ್ಚಿ ಎತ್ತಿಡಿ, ಮುಚ್ಚಳ ಬಿಗಿ ಮಾಡ್ಬೇಡಿ, ಗ್ಯಾಸ್ ಕಟ್ಟತ್ತೆ. ವಾಪಸ್ ತುಂಬೋವಾಗ ಅದನ್ನೇ ಬೀಜವಾಗಿ ಹಾಕಿ.